ಪರದೇಶಕ್ಕೆ ಮ್ಯಾನೇಜರ್ ಆಗಿ ಹೋಗುವವರು ಮೊದಲು ಏನು ತಿಳಿದುಕೊಳ್ಳಬೇಕು?

ಬನಶಂಕರಿ_ಸೆಕೆಂಡ್‌ಸ್ಟೇಜ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಒಂದು ಜರ್ಮನ್ ಕಂಪನಿಯ ಸಾಫ್ಟ್‌ವೇರ್ ಟೀಮ್ ನೋಡಿಕೊಳ್ಳುತ್ತಿದ್ದೇನೆ. ಇನ್ನು ಸ್ವಲ್ಪ ದಿನದಲ್ಲಿ ಸ್ಟುಟ್‌ಗಾರ್ಟ್‌ಗೆ ಹೋಗಬೇಕು, ಅಲ್ಲಿನ ಟೀಮ್‌ಗೆ ಮ್ಯಾನೇಜರ್ ಆಗಿ. ಅಲ್ಲಿರುವ ಹೆಚ್ಚಿನವರು ಜರ್ಮನ್ನರು, ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ದೊಡ್ಡವರು.

ಕಂಪನಿಯವರು ಹೊರಡುವ ಮೊದಲು ತರಬೇತಿ ಕೊಟ್ಟರು. ಸಮಯಕ್ಕೆ ಸರಿಯಾಗಿ ಹೋಗಿ, ಕೈ ಹೀಗೆ ಕುಲುಕಿ, ಊಟಕ್ಕೆ ಕರೆದರೆ ಏನಾದರೂ ತೆಗೆದುಕೊಂಡು ಹೋಗಿ, ಇಂಥವು. ಕೆಲಸದ ವಿಷಯ ಅದರಲ್ಲಿ ಏನೂ ಇರಲಿಲ್ಲ. ಹೊರದೇಶದಲ್ಲಿ ಜನರನ್ನು ನಡೆಸಿದವರು, ಅಥವಾ ಹೊರದೇಶದಿಂದ ಬಂದ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಿಜವಾಗಿ ಕೆಲಸಕ್ಕೆ ಬರುವ ಮಾತು ಬೇಕು.

ಸ್ಟುಟ್‌ಗಾರ್ಟ್_ಕನ್ನಡತಿ

ಬನ್ನಿ ಬನ್ನಿ, ಇಲ್ಲಿ ಕನ್ನಡದವರು ಬೇಕಾದಷ್ಟು ಇದ್ದೇವೆ. ಮನೆ, ಅಕ್ಕಿ, ಬೇಳೆ ವಿಷಯ ಆಮೇಲೆ ಮಾತಾಡೋಣ. ಕೆಲಸದ ವಿಷಯ ಮೊದಲು.

ನಿಮ್ಮ ಆಫೀಸಿನ ಬೆಟ್ರೀಬ್ಸ್‌ರಾಟ್‌ನಲ್ಲಿ ಯಾರು ಯಾರು ಇದ್ದಾರೆ ಎಂದು ಇವತ್ತೇ ಕೇಳಿ. ನೌಕರರೇ ಮತ ಹಾಕಿ ಆರಿಸುವ ಮಂಡಳಿ ಅದು. 1972ರ ಕಾನೂನಿನ ಪ್ರಕಾರ ಐದು ಜನ ನೌಕರರಿರುವ ಜಾಗದಲ್ಲೂ ಅದನ್ನು ಆರಿಸಬಹುದು. ನಮ್ಮ ಕಡೆಯಿಂದ ಬಂದವರು ಇದನ್ನು ಸ್ಟಾಫ್ ಕ್ಲಬ್ ಥರ ಏನೋ ಅಂದುಕೊಳ್ಳುತ್ತಾರೆ. ಖಂಡಿತ ಅಲ್ಲ. ಓವರ್‌ಟೈಮ್, ಪಾಳಿ, ಕೆಲಸದ ವೇಳೆ, ಇವನ್ನೆಲ್ಲ ಬದಲಿಸಲು ಅವರ ಒಪ್ಪಿಗೆ ಬೇಕು. ಒಬ್ಬರನ್ನು ಕೆಲಸದಿಂದ ತೆಗೆಯುವ ಮೊದಲು ಅವರನ್ನು ಕೇಳದಿದ್ದರೆ ಆ ವಜಾ ಕಾನೂನಿನ ಮುಂದೆ ನಿಲ್ಲುವುದೇ ಇಲ್ಲ.

ನಿಮಗೆ ಮುಖ್ಯವಾದದ್ದು ಇನ್ನೊಂದು. ನೌಕರರ ಕೆಲಸವನ್ನು ಅಳೆಯಲು ಅನುಕೂಲವಾಗುವ ಯಾವ ಸಾಫ್ಟ್‌ವೇರ್ ತಂದರೂ ಅದು ಮಂಡಳಿಯ ಒಪ್ಪಿಗೆಗೆ ಬರುತ್ತದೆ. ಬೆಂಗಳೂರಿನಲ್ಲಿ ಯಾರು ಎಷ್ಟು ಟಿಕೆಟ್ (ಒಬ್ಬೊಬ್ಬರಿಗೆ ಒಪ್ಪಿಸಿದ ಕೆಲಸ) ಮುಗಿಸಿದರು ಎಂದು ಪರದೆ ಮೇಲೆ ಹಾಕುತ್ತೀರಲ್ಲ, ಅದನ್ನು ಇಲ್ಲಿ ಬಂದ ಮೊದಲ ವಾರವೇ ಶುರು ಮಾಡಬೇಡಿ.

ಕೆಲಸ ಮುಗಿಸಿ ಹೋಗುವುದಕ್ಕೂ ಮತ್ತೆ ಕೆಲಸಕ್ಕೆ ಬರುವುದಕ್ಕೂ ನಡುವೆ 11 ಗಂಟೆ ಬಿಡುವು ಇರಬೇಕು, ಅದೂ ಕಾನೂನೇ. ಇಲ್ಲಿನ ಲೋಹ ಮತ್ತು ವಾಹನ ಉದ್ಯಮದಲ್ಲಿ ಕಾರ್ಮಿಕ ಸಂಘದ ಒಪ್ಪಂದದ ಪ್ರಕಾರ ವಾರಕ್ಕೆ 35 ಗಂಟೆ ಕೆಲಸ, 1995ರಿಂದ. ನಿಮ್ಮ ಕಂಪನಿ ಆ ಒಪ್ಪಂದದೊಳಗೆ ಇದೆಯಾ ನೋಡಿಕೊಳ್ಳಿ. ಹುಷಾರಿಲ್ಲ ಎಂದು ರಜೆ ಹಾಕಿದವರನ್ನು ಏನು ಕಾಯಿಲೆ ಎಂದು ಕೇಳಬೇಡಿ. ನಮ್ಮಲ್ಲಿ ಅದು ಕಾಳಜಿ. ಇಲ್ಲಿ ಅದು ಮ್ಯಾನೇಜರ್ ಕೇಳಬಾರದ ಪ್ರಶ್ನೆ.

ಚಿಲ್ಲರೆ_ಅಂಗಡಿ

ಮೇಲಿನ ಅಕ್ಕ ಹೇಳಿದ್ದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಅಂಗಡಿ ಸರಪಳಿ ವಾಲ್‌ಮಾರ್ಟ್. ನಾನು ರಿಟೇಲ್ ಕ್ಷೇತ್ರದವನು, ಈ ಕಥೆಯನ್ನು ಬಹಳ ಓದಿದ್ದೇನೆ.

1997ರ ಕೊನೆಯಲ್ಲಿ ಅವರು ಜರ್ಮನಿಯ ವೆರ್ಟ್‌ಕೌಫ್ ಎಂಬ ಕಂಪನಿಯ 21 ಅಂಗಡಿ ಕೊಂಡರು. ಮರುವರ್ಷ ಇಂಟರ್‌ಸ್ಪಾರ್‌ನ 74 ಸೇರಿದವು. ಮೊದಲ ಮುಖ್ಯಸ್ಥ ಅಮೆರಿಕದಿಂದ ಬಂದವರು. ಅವರಿಗೆ ಜರ್ಮನ್ ಬರುತ್ತಿರಲಿಲ್ಲ. ಆಡಳಿತದ ಮಟ್ಟದಲ್ಲಿ ಇಂಗ್ಲಿಷ್ ಎಂದು ತೀರ್ಮಾನವಾಯಿತು. ಕೊಂಡ ಅಂಗಡಿಗಳ ಹಳೆಯ ಮ್ಯಾನೇಜರುಗಳು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಆ ಊರಿನ ಸರಬರಾಜುದಾರರು, ಗಿರಾಕಿಗಳು, ಪೌರಾಡಳಿತ ಎಲ್ಲ ಗೊತ್ತಿದ್ದವರು ಅವರೇ ಅಲ್ವಾ? ಅವರ ಜೊತೆ ಆ ತಿಳಿವಳಿಕೆಯೂ ಹೋಯಿತು.

ಈ ಕಥೆ ಹೇಳುವವರೆಲ್ಲ ಕ್ಯಾಷಿಯರ್‌ಗಳಿಗೆ ನಗಲು ಹೇಳಿದ್ದು, ಗಿರಾಕಿಯ ಚೀಲ ತುಂಬಲು ಜನ ಇಟ್ಟದ್ದು, ಇದನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನಡತೆ ನಿಯಮದ ವಿಷಯ. ಅಮೆರಿಕದಲ್ಲಿ ಬರೆದ ನಿಯಮಗಳನ್ನು ಜರ್ಮನಿಯ ನೌಕರರಿಗೂ ಹಂಚಿದರು. ಸಹೋದ್ಯೋಗಿಗಳ ನಡುವಿನ ಪ್ರೇಮ ಸಂಬಂಧಕ್ಕೆ ತಡೆ, ತಪ್ಪು ಮಾಡಿದವರ ಬಗ್ಗೆ ಫೋನಿನಲ್ಲಿ ದೂರು ಕೊಡುವ ವ್ಯವಸ್ಥೆ, ಎಲ್ಲ ಅದರಲ್ಲಿತ್ತು. ನೌಕರರ ಮಂಡಳಿಯನ್ನು ಕೇಳಿರಲಿಲ್ಲ. 2005ರಲ್ಲಿ ವುಪರ್ಟಾಲ್‌ನ ಕಾರ್ಮಿಕ ನ್ಯಾಯಾಲಯದಲ್ಲಿ ಆ ಭಾಗಗಳು ಬಿದ್ದುಹೋದವು. ಬೆಲೆಯಲ್ಲೂ ಹಾಗೇ. ಹಾಲು, ಬೆಣ್ಣೆಯಂಥ ಪದಾರ್ಥಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರುವುದನ್ನು ನಿಲ್ಲಿಸಿ ಎಂದು 2000ದಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಹೇಳಿತು. ಅಲ್ಲಿನ ಅಗ್ಗದ ಅಂಗಡಿಗಳಾದ ಆಲ್ಡಿ, ಲಿಡ್ಲ್‌ಗೂ ಅದೇ ಆದೇಶ ಬಂತು. ಆದರೆ ಕಡಿಮೆ ಬೆಲೆಯನ್ನೇ ನಂಬಿ ಬಂದವರು ಇವರು. 2006ರಲ್ಲಿ 85 ಅಂಗಡಿಗಳನ್ನು ಮೆಟ್ರೊ ಎಂಬ ಜರ್ಮನ್ ಕಂಪನಿಗೆ ಮಾರಿ ಹೊರಟರು.

ದುಡ್ಡಿಗೆ ಕೊರತೆ ಇರಲಿಲ್ಲ, ಬುದ್ಧಿಗೂ ಇರಲಿಲ್ಲ. "ಇದು ಇಲ್ಲಿ ನಡೆಯಲ್ಲ" ಎಂದು ಹೇಳುವವರ ಮಾತು ಮೇಲಕ್ಕೆ ಹೋಗುವ ದಾರಿ ಇರಲಿಲ್ಲ.

ಬನಶಂಕರಿ_ಸೆಕೆಂಡ್‌ಸ್ಟೇಜ್

ಇಬ್ಬರಿಗೂ ತುಂಬಾ ಧನ್ಯವಾದ. ಮಂಡಳಿಯ ವಿಷಯ ನನ್ನ ತರಬೇತಿಯಲ್ಲಿ ಒಂದೇ ಒಂದು ಸಲವೂ ಬರಲಿಲ್ಲ.

ಆದರೆ ಒಂದು ಸಂದೇಹ. ನನ್ನನ್ನು ಕಳಿಸುತ್ತಿರುವುದೇ ಕೆಲವು ಬದಲಾವಣೆ ತರಲು. ಅಲ್ಲಿ ಇದ್ದದ್ದಕ್ಕೆಲ್ಲ ಸರಿ ಸರಿ ಎನ್ನುತ್ತಾ ಕೂತರೆ ನಾನು ಹೋಗಿ ಏನು ಪ್ರಯೋಜನ?

ನಗೋಯಾ_ವಾಸಿ

ಒಳ್ಳೆಯ ಪ್ರಶ್ನೆ. ಒಗ್ಗಿಕೊಳ್ಳುವುದು ಅಂದರೆ ತಲೆ ಆಡಿಸುವುದು ಅಲ್ಲ.

ಜಪಾನಿನ ಕಾರು ಕಂಪನಿ ನಿಸ್ಸಾನ್ ನೋಡಿ. 1999ರಲ್ಲಿ ಫ್ರಾನ್ಸಿನ ರೆನೊ ಅದರ 36.8 ಶೇಕಡಾ ಷೇರು ಕೊಂಡು ಕಾರ್ಲೋಸ್ ಗೋನ್ ಅವರನ್ನು ಟೋಕಿಯೊಗೆ ಕಳಿಸಿತು. ಅವರಿಗೆ ಜಪಾನಿ ಭಾಷೆ ಬರುತ್ತಿರಲಿಲ್ಲ. ಅಲ್ಲಿ ಮುಟ್ಟಬಾರದು ಎನ್ನುವುದನ್ನೆಲ್ಲ ಮುಟ್ಟಿದರು. ವಯಸ್ಸಿನ ಮೇಲೆ ಬಡ್ತಿ ಕೊಡುವುದು ನಿಲ್ಲಿಸಿದರು, ಸರಬರಾಜು ಕಂಪನಿಗಳಲ್ಲಿದ್ದ ಷೇರು ಮಾರಿದರು, 21,000 ಕೆಲಸ ಕಡಿಮೆ ಮಾಡುವ ಯೋಜನೆ ಹಾಕಿದರು. ಒಂದು ವರ್ಷದೊಳಗೆ ಲಾಭಕ್ಕೆ ಬರದಿದ್ದರೆ ನಾವೇ ರಾಜೀನಾಮೆ ಕೊಡುತ್ತೇವೆ ಎಂದರು. ಲಾಭ ಬಂತು.

ಆದರೆ ಆ ಯೋಜನೆಯನ್ನು ಪ್ಯಾರಿಸ್ಸಿನಲ್ಲಿ ಬರೆದು ತರಲಿಲ್ಲ. ನಿಸ್ಸಾನ್‌ನ ಮಧ್ಯಮ ಹಂತದ ಮ್ಯಾನೇಜರುಗಳನ್ನೇ ಬೇರೆ ಬೇರೆ ವಿಭಾಗಗಳಿಂದ ತೆಗೆದು ಒಂಬತ್ತು ತಂಡ ಮಾಡಿದರು. ಎಲ್ಲಿ ಸೋರುತ್ತಿದೆ, ಏನು ಮಾಡಬಹುದು ಎಂದು ಅವರನ್ನೇ ಕೇಳಿದರು. ಅವರಿಗೆಲ್ಲ ಉತ್ತರ ಗೊತ್ತಿತ್ತು, ಕೇಳುವವರು ಇರಲಿಲ್ಲ ಅಷ್ಟೇ. ಗೋನ್ ಅವರ ನಂತರದ ಕಥೆ ಬೇರೆ, 2018ರಲ್ಲಿ ಬಂಧನವಾಗಿ ಏನೇನೋ ಆಯಿತು. ಒಬ್ಬರಲ್ಲೇ ಅಷ್ಟೊಂದು ಅಧಿಕಾರ ಸೇರಿದ ಮೇಲೆ ಬೇಡ ಎನ್ನುವವರು ಉಳಿಯುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಮೊದಲ ಎರಡು ಮೂರು ವರ್ಷದ ಕೆಲಸವನ್ನು ಮಾತ್ರ ಓದಿ ನೋಡಿ.

ಇಲ್ಲಿ ನನ್ನ ದಿನನಿತ್ಯದ ಅನುಭವವೂ ಅದೇ. ಜಪಾನಿನ ಮೀಟಿಂಗ್‌ನಲ್ಲಿ ಹೊಸ ವಿಷಯ ಎತ್ತಿದರೆ ಎಲ್ಲರೂ ಸುಮ್ಮನಿರುತ್ತಾರೆ. ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಮೀಟಿಂಗಿಗೆ ಮೊದಲೇ ಒಬ್ಬೊಬ್ಬರ ಹತ್ತಿರ ಹೋಗಿ ಕೂತು ಮಾತಾಡಬೇಕು. ಇವರು ಅದಕ್ಕೆ ನೆಮವಾಶಿ ಎನ್ನುತ್ತಾರೆ. ಆಕ್ಷೇಪಣೆ ಎಲ್ಲ ಅಲ್ಲೇ ಬರುತ್ತದೆ, ಅಲ್ಲೇ ತಿದ್ದಬೇಕು. ಮೀಟಿಂಗ್ ಕೊನೆಯ ಮುದ್ರೆ ಒತ್ತಲು ಮಾತ್ರ. ತುಂಬಾ ಸಮಯ ಹಿಡಿಯುತ್ತದೆ. ಬೆಂಗಳೂರಿನ ಆಫೀಸಿನವರು "ಇನ್ನೂ ಡಿಸೈಡ್ ಆಗಿಲ್ವಾ" ಎಂದು ಫೋನ್ ಮೇಲೆ ಫೋನ್ ಮಾಡುತ್ತಾರೆ. ಆದರೆ ಒಮ್ಮೆ ತೀರ್ಮಾನವಾದ ಮೇಲೆ ಇಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ, ಕೆಲಸ ಸರಸರ ಆಗುತ್ತದೆ.

ನಿವೃತ್ತ_ಫೋರ್‌ಮನ್

ನಾನು ಈ ಕಡೆಯಿಂದ ನೋಡಿದವನು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಯುರೋಪಿನಿಂದ ಬಂದ ಮ್ಯಾನೇಜರುಗಳು ಕೆಲವು ವರ್ಷ ಇದ್ದು ಹೋಗುತ್ತಿದ್ದರು.

ಅವರಲ್ಲಿ ಒಬ್ಬರು ಬಂದ ವರ್ಷ ಆಯುಧಪೂಜೆ. ಮೆಷಿನ್‌ಗಳಿಗೆ ಅರಿಶಿನ ಕುಂಕುಮ, ಬಾಳೆಕಂದು, ಶಾಪ್ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುವುದು, ಆಮೇಲೆ ಎಲ್ಲರಿಗೂ ಕಡ್ಲೆಪುರಿ, ಸ್ವೀಟು. ಅವರು ಸುರಕ್ಷತೆಯಲ್ಲಿ ಬಹಳ ಕಟ್ಟುನಿಟ್ಟು. ನೆಲದಲ್ಲಿ ಕುಂಬಳಕಾಯಿ ಬಿದ್ದರೆ ಜಾರುತ್ತದೆ, ಪೇಂಟ್ ಶಾಪ್ ಹತ್ತಿರ ದೀಪ, ಕರ್ಪೂರ ಹಚ್ಚಿದರೆ ಬೆಂಕಿ ಹತ್ತುತ್ತದೆ. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ನೋಟಿಸ್ ಬೋರ್ಡಿನಲ್ಲಿ ಪೂಜೆ ನಿಷೇಧ ಎಂದು ಹಾಕಿದ್ದರೆ ಅವತ್ತೇ ಕೆಲಸ ನಿಲ್ಲುತ್ತಿತ್ತು.

ಅವರು ಹಾಗೆ ಮಾಡಲಿಲ್ಲ. ಯೂನಿಯನ್ ಕಾರ್ಯದರ್ಶಿಯನ್ನೂ ನಮ್ಮಂಥ ಕೆಲವು ಹಳಬರನ್ನೂ ಕರೆದು, ನನಗೆ ಈ ಎರಡು ಭಯ ಇದೆ, ನೀವೇ ದಾರಿ ಹೇಳಿ ಎಂದರು. ಕುಂಬಳಕಾಯಿ ಗೇಟಿನ ಹೊರಗೆ ಒಡೆಯೋಣ, ಪೇಂಟ್ ಶಾಪಿನಲ್ಲಿ ಹೂವು ಕುಂಕುಮ ಮಾತ್ರ, ಆರತಿ ಆಫೀಸಿನ ಮುಂದೆ ಎಂದು ನಾವೇ ಮಾತಾಡಿ ಮುಗಿಸಿದೆವು. ಪೂಜೆಗೆ ಅವರೂ ಹೆಂಡತಿ ಮಕ್ಕಳ ಜೊತೆ ಬಂದರು. ಅವರ ನಂತರ ಬಂದವರ ಕಾಲದಲ್ಲೂ ಅದೇ ಕ್ರಮ ನಡೆಯಿತು.

ಆ ಮೇಲೆ ಅವರು ತಂದ ಕಷ್ಟದ ನಿಯಮಗಳನ್ನೂ ಜನ ಒಪ್ಪಿದರು. ಶೂ, ಕನ್ನಡಕ ಇಲ್ಲದೆ ಶಾಪಿಗೆ ಕಾಲಿಡಬಾರದು ಎಂದಾಗ ಯಾರೂ ಗೊಣಗಲಿಲ್ಲ. ಇವರು ನಮ್ಮ ಮಾತು ಕೇಳುವವರು ಎಂದು ಗೊತ್ತಾಗಿತ್ತು.

ಬಿಡದಿ_ಲೈನ್

ಫೋರ್‌ಮನ್ ಸಾರ್, ನಿಮ್ಮ ಮಾತು ಓದಿ ಸಂತೋಷವಾಯಿತು. ಆದರೆ ಎಲ್ಲವೂ ಒಬ್ಬ ಒಳ್ಳೆ ಮನುಷ್ಯನಿಂದ ಆಗುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಕಂಪನಿಯ ಎರಡು ಊರಿನ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದವಾಗಬಹುದು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆ ಇತ್ತು. ಗೈರುಹಾಜರಿ, ಮುಷ್ಕರ, ಕೆಟ್ಟ ಕಾರು, ಎಲ್ಲಕ್ಕೂ ಹೆಸರಾಗಿತ್ತು. 1982ರಲ್ಲಿ ಮುಚ್ಚಿದರು. ಆಮೇಲೆ ಟೊಯೋಟಾ ಮತ್ತು ಜಿಎಂ ಜೊತೆ ಸೇರಿ ಅದನ್ನೇ ನುಮ್ಮಿ ಎಂಬ ಹೆಸರಿನಲ್ಲಿ 1984ರಲ್ಲಿ ಮತ್ತೆ ತೆರೆದವು. ನಡೆಸುವ ಹೊಣೆ ಟೊಯೋಟಾದ್ದು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದೇ ಹಳೆಯ ಕಾರ್ಮಿಕರು, ಸಂಘವೂ ಅದೇ ಹಳೆಯ ಯುಎಡಬ್ಲ್ಯು. ಅಮೆರಿಕದ ಸಂಘದ ಜೊತೆ ಕೆಲಸ ಮಾಡಿ ಟೊಯೋಟಾಗೆ ಅಭ್ಯಾಸವಿರಲಿಲ್ಲ. ಆದರೂ ಒಪ್ಪಿದರು.

ತಂಡದ ನಾಯಕರನ್ನು ನೂರಾರು ಸಂಖ್ಯೆಯಲ್ಲಿ ಜಪಾನಿನ ತಕಾವೊಕಾ ಕಾರ್ಖಾನೆಗೆ ಕರೆದುಕೊಂಡು ಹೋಗಿ, ಅಲ್ಲಿನ ಕಾರ್ಮಿಕರ ಪಕ್ಕ ನಿಲ್ಲಿಸಿ ಕೆಲಸ ಕಲಿಸಿದರು. ಅಸೆಂಬ್ಲಿ ಲೈನ್ ಉದ್ದಕ್ಕೂ ಒಂದು ಹಗ್ಗ ಇರುತ್ತದೆ. ತಪ್ಪು ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು, ಬೇಕಾದರೆ ಲೈನ್ ನಿಲ್ಲುತ್ತದೆ. ಹಳೆಯ ಕಾರ್ಖಾನೆಯಲ್ಲಿ ಲೈನ್ ನಿಲ್ಲಿಸುವುದೇ ಮಹಾಪರಾಧವಾಗಿತ್ತು. ಇಲ್ಲಿ ಎಳೆದರೆ ಟೀಮ್ ಲೀಡರ್ ಓಡಿಬಂದು, ಏನಾಯ್ತು, ಹೇಗೆ ಸಹಾಯ ಮಾಡಲಿ ಎಂದು ಕೇಳುತ್ತಿದ್ದ. ಕೆಲವೇ ವರ್ಷಗಳಲ್ಲಿ ಅದೇ ಜನ ಜಪಾನಿಗೆ ಹತ್ತಿರದ ಗುಣಮಟ್ಟದ ಕಾರು ಕಟ್ಟಿದರು.

ಆದರೆ ಹಗ್ಗ ಎಳೆಯುವ ಧೈರ್ಯ ಎಲ್ಲಿಂದ ಬಂತು? ಒಪ್ಪಂದದಲ್ಲಿ ಕೆಲಸದ ಭದ್ರತೆಯ ಮಾತು ಇತ್ತು. 1980ರ ದಶಕದ ಕೊನೆಯಲ್ಲಿ ಕಾರು ಮಾರಾಟ ಬಿದ್ದಾಗ ಯಾರನ್ನೂ ಮನೆಗೆ ಕಳಿಸಲಿಲ್ಲ. ಕೆಲಸ ಇಲ್ಲದವರಿಗೆ ತರಬೇತಿ ಕೊಟ್ಟರು. ಅದನ್ನು ಕಣ್ಣಾರೆ ಕಂಡ ಮೇಲೆ ಜನ ನಂಬಿದರು.

ಈಗ ನಮ್ಮ ಬಿಡದಿ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಶುರುವಾಯಿತು, 1999ರ ಕೊನೆಗೆ ಕ್ವಾಲಿಸ್ ತಯಾರಿ. ಅದೇ ಹಗ್ಗ, ಅದೇ ಪದ್ಧತಿ. 2007ರಲ್ಲಿ ಒಂದು ತರಬೇತಿ ಸಂಸ್ಥೆಯನ್ನೂ ತೆರೆದರು. ಹಳ್ಳಿ ಕಡೆಯ ಬಡ ಮನೆಯ ಮಕ್ಕಳನ್ನು ಎಸ್ಸೆಸ್ಸೆಲ್ಸಿ ಆದ ಮೇಲೆ ತೆಗೆದುಕೊಂಡು ಮೂರು ವರ್ಷ ಅಲ್ಲೇ ಇಟ್ಟು ಕಲಿಸುತ್ತಾರೆ. ನಿಜಕ್ಕೂ ಒಳ್ಳೆಯ ಕೆಲಸ, ನಮ್ಮ ಕಡೆಯ ಎಷ್ಟೋ ಹುಡುಗರ ಬದುಕು ಅದರಿಂದ ನೆಟ್ಟಗಾಗಿದೆ.

ಆದರೂ 2006ರ ಜನವರಿಯಲ್ಲಿ ಮುಷ್ಕರ, ಲಾಕೌಟ್. 2014ರ ಮಾರ್ಚ್‌ನಲ್ಲಿ ವೇತನ ಮಾತುಕತೆ ಮುರಿದು ಲಾಕೌಟ್. 2020ರ ನವೆಂಬರ್‌ನಲ್ಲಿ ಮತ್ತೆ. ಆ ಸಲ ಕೆಲಸದ ವೇಗ ಜಾಸ್ತಿ ಮಾಡಿದರು ಎಂಬುದೇ ಸಂಘದ ಮುಖ್ಯ ದೂರು. ಮೂರು ನಿಮಿಷಕ್ಕೊಂದು ಕಾರು ಬರುತ್ತಿದ್ದ ಲೈನ್‌ನಲ್ಲಿ ಎರಡೂವರೆ ನಿಮಿಷಕ್ಕೊಂದು ಬರಬೇಕು ಎನ್ನುತ್ತಿದ್ದಾರೆ, ನೀರು ಕುಡಿಯಲೂ ಬಿಡುವಿಲ್ಲ ಎಂದರು. ನಿಗದಿಯಾದ ಕೆಲಸ ಅಷ್ಟೇ, ಹಾಜರಾತಿ ಶಿಸ್ತು ಬೇಕು ಎಂದು ಆಡಳಿತದವರು ಹೇಳಿದರು. ಯಾರದು ಎಷ್ಟು ಸರಿ ಎಂದು ನಾನು ತೀರ್ಪು ಕೊಡುತ್ತಿಲ್ಲ. ನನ್ನ ಪ್ರಶ್ನೆ ಇಷ್ಟೇ. ತಪ್ಪು ಕಂಡಾಗ ಲೈನ್ ನಿಲ್ಲಿಸುವ ಹಕ್ಕು ಇದೆ ಎನ್ನುತ್ತೇವೆ. ಲೈನಿನ ವೇಗವೇ ತಪ್ಪು ಎಂದು ಅನ್ನಿಸಿದವನು ಯಾವ ಹಗ್ಗ ಎಳೆಯಬೇಕು? ಅದಕ್ಕೆ ಉತ್ತರ ಇಲ್ಲದಿದ್ದಾಗ ಅವನು ಗೇಟಿನ ಮುಂದೆ ಕೂರುತ್ತಾನೆ.

ಕೋಲಾರ_ರೋಡ್

ಬಿಡದಿಯವರ ಮಾತಿಗೆ ನನ್ನದೂ ಸೇರಿಸುತ್ತೇನೆ. ನಮ್ಮ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಏನಾಯಿತು ಎಂದು ಎಲ್ಲರಿಗೂ ನೆನಪಿದೆ. ತೈವಾನಿನ ವಿಸ್ಟ್ರಾನ್ ಕಂಪನಿ, ಐಫೋನ್ ಜೋಡಿಸುವ ಘಟಕ. ಸಂಬಳ ಸರಿಯಾಗಿ ಬರುತ್ತಿಲ್ಲ ಎಂಬ ಸಿಟ್ಟು ಗಲಭೆಯಾಗಿ ಒಡೆಯಿತು. ಗಾಜು ಒಡೆದದ್ದು, ವಸ್ತು ಹಾಳು ಮಾಡಿದ್ದು ತಪ್ಪೇ. ಆದರೆ ಕಾರ್ಖಾನೆ ಇಲಾಖೆಯ ವರದಿ ಓದಿದರೆ ಮನಸ್ಸಿಗೆ ನೋವಾಗುತ್ತದೆ. ಸ್ವಲ್ಪ ಸಮಯದಲ್ಲೇ 5,000 ಜನರಿಂದ 10,500ಕ್ಕೆ ಏರಿಸಿದರು. ಅಷ್ಟು ಜನರನ್ನು ನೋಡಿಕೊಳ್ಳಲು ಇಲ್ಲಿನ ಕಾರ್ಮಿಕ ಕಾನೂನು ಬಲ್ಲವರು ಎಚ್‌ಆರ್‌ನಲ್ಲಿ ಸಾಕಷ್ಟು ಇರಲಿಲ್ಲ. ಪಾಳಿಯನ್ನು ಎಂಟರಿಂದ ಹನ್ನೆರಡು ಗಂಟೆಗೆ ಬದಲಿಸಿದ್ದೂ ಸರಿಯಾಗಿ ತಿಳಿಸಿರಲಿಲ್ಲ. ಹೆಚ್ಚಿನವರು ಗುತ್ತಿಗೆಯವರು, ದೂರು ಹೇಳಲು ಏಜೆನ್ಸಿ ಹತ್ತಿರ ಹೋದರೆ ಅವರು ಕಂಪನಿ ಕಡೆ ಕೈ ತೋರಿಸಬೇಕು, ಕಂಪನಿ ಏಜೆನ್ಸಿ ಕಡೆ.

ಒಂದು ವಾರದಲ್ಲಿ ಕಂಪನಿಯೇ ಕ್ಷಮೆ ಕೇಳಿತು. ಭಾರತದ ವಹಿವಾಟು ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಈಗ ಆ ಘಟಕ ಟಾಟಾದವರ ಕೈಯಲ್ಲಿದೆ.

ನನಗೆ ಸಿಟ್ಟು ಬರುವುದು ಎಲ್ಲಿ ಗೊತ್ತಾ? ಈ ಕಂಪನಿಗಳೆಲ್ಲ ಊರಿಗೆ ಒಗ್ಗಿಕೊಳ್ಳಬೇಕು ಎನ್ನುವಾಗ ಹಬ್ಬ, ಊಟ, ಬಟ್ಟೆ ನೆನಪಾಗುತ್ತದೆ. ಇನ್ನೊಂದು ಥರದ ಒಗ್ಗಿಕೊಳ್ಳುವುದೂ ಇದೆ. ಇಲ್ಲಿ ಗುತ್ತಿಗೆ ಸುಲಭ, ಇಲ್ಲಿ ಜನ ಕೇಳುವುದಿಲ್ಲ, ಹಾಗಾಗಿ ನಾವೂ ಹೀಗೇ ಮಾಡೋಣ ಎನ್ನುವುದು. ಅಂಥದ್ದನ್ನು ಸ್ಥಳೀಯ ಪದ್ಧತಿ ಎಂದು ಕರೆಯಬಾರದು.

ನಿವೃತ್ತ_ಫೋರ್‌ಮನ್

ಕೋಲಾರದವರೇ, ನಿಮ್ಮ ಮಾತು ನ್ಯಾಯವಾದದ್ದು. ನಮ್ಮ ಕಾಲದಲ್ಲಿ ನಾವು ಕಾಯಂ ನೌಕರರು, ಯೂನಿಯನ್ ಗಟ್ಟಿಯಾಗಿತ್ತು. ಆ ಮ್ಯಾನೇಜರ್ ನಮ್ಮನ್ನು ಕರೆದು ಕೇಳಿದ್ದು ಅವರ ಒಳ್ಳೆಯತನವೂ ಹೌದು, ನಮ್ಮ ಬಲವೂ ಹೌದು. ಗುತ್ತಿಗೆ ಹುಡುಗನನ್ನು ಯಾರು ಕರೆದು ಕೇಳುತ್ತಾರೆ?

ಆದರೂ ಒಂದು ಮಾತು. ಬಲ ಇದ್ದಾಗಲೂ ಕೇಳದ ಮ್ಯಾನೇಜರುಗಳನ್ನು ನೋಡಿದ್ದೇನೆ. ಹಾಗಾಗಿ ಮನುಷ್ಯನ ಗುಣ ಲೆಕ್ಕಕ್ಕಿಲ್ಲ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ನೈರೋಬಿ_ಕನ್ನಡಿಗ

ಎಲ್ಲರೂ ಬಿಳಿಯರು, ಜಪಾನಿನವರು ನಮ್ಮಲ್ಲಿಗೆ ಬಂದ ಮಾತೇ ಆಡುತ್ತಿದ್ದೀರಿ. ನಮ್ಮ ದೇಶದ ಕಂಪನಿಗಳು ಹೊರಗೆ ಹೋದಾಗ? 2010ರಲ್ಲಿ ಏರ್‌ಟೆಲ್ ಆಫ್ರಿಕಾದ 15 ದೇಶಗಳಲ್ಲಿದ್ದ ಝೈನ್ ಎಂಬ ಕಂಪನಿಯ ಮೊಬೈಲ್ ವ್ಯವಹಾರವನ್ನು 10.7 ಬಿಲಿಯನ್ ಡಾಲರ್‌ಗೆ ಕೊಂಡಿತು. ಭಾರತದಲ್ಲಿ ಗೆದ್ದ ಲೆಕ್ಕ ಇದು: ಕರೆ ದರ ಇಳಿಸು, ಜನ ಜಾಸ್ತಿ ಮಾತಾಡುತ್ತಾರೆ, ಆದಾಯ ಏರುತ್ತದೆ. ಕೀನ್ಯಾದಲ್ಲಿ ದರ ಅರ್ಧಕ್ಕೆ ಇಳಿಸಿದರು. ಅಂದುಕೊಂಡಷ್ಟು ಮಾತು ಏರಲಿಲ್ಲ, ನಷ್ಟ ಏರಿತು. ಟವರ್‌ಗಳಿಗೆ ಕರೆಂಟ್ ಇಲ್ಲದ ಕಡೆ ಡೀಸೆಲ್ ಸುಡಬೇಕು. ಇಲ್ಲಿನ ಜನ ಸಫಾರಿಕಾಮ್ ಎಂಬ ಮೊಬೈಲ್ ಕಂಪನಿಯನ್ನು ಬಿಡದಿರಲು ಅದರ ಎಂಪೆಸಾ, ಅಂದರೆ ಮೊಬೈಲ್‌ನಲ್ಲೇ ದುಡ್ಡು ಕಳಿಸುವ ಸೇವೆ, ಒಂದು ದೊಡ್ಡ ಕಾರಣ. ಊರಿಗೆ ದುಡ್ಡು ಕಳಿಸುವುದು, ಅಂಗಡಿಯಲ್ಲಿ ಕೊಡುವುದು, ಎಲ್ಲ ಅದೇ ನಂಬರಿನಲ್ಲಿ. ಅಗ್ಗದ ಕರೆಗಾಗಿ ಅದನ್ನು ಯಾರು ಬಿಡುತ್ತಾರೆ? ಮುಂದೆ ಕೆಲವು ದೇಶಗಳನ್ನು ಮಾರಿ, ಆಯಾ ದೇಶಕ್ಕೆ ತಕ್ಕ ಹಾಗೆ ನಡೆಸಿದ ಮೇಲೆ ವ್ಯವಹಾರ ಸುಧಾರಿಸಿತು.

ನಾವು ಬಡತನ, ಜನಸಂದಣಿ ಕಂಡವರು, ನಮಗೆ ಆಫ್ರಿಕಾ ಅರ್ಥವಾಗುತ್ತದೆ ಎಂದು ಭಾರತದಿಂದ ಬರುವ ಮ್ಯಾನೇಜರುಗಳು ಬಲವಾಗಿ ನಂಬಿರುತ್ತಾರೆ. ಆ ನಂಬಿಕೆಯಿಂದಲೇ ಇಲ್ಲಿನವರನ್ನು ಕೇಳುವುದನ್ನು ಮರೆಯುತ್ತಾರೆ. ಇದು ನನಗೆ ನಿಜವಾಗಿ ಬೇಸರ ತರುತ್ತದೆ.

ಬನಶಂಕರಿ_ಸೆಕೆಂಡ್‌ಸ್ಟೇಜ್

ಇಷ್ಟೊಂದು ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಎಲ್ಲವನ್ನೂ ಎರಡೆರಡು ಸಲ ಓದಿದೆ. ಎಲ್ಲರ ಮಾತಿನಲ್ಲೂ ನನಗೆ ಸಿಕ್ಕಿದ್ದು ಇದು: ಆ ಜಾಗದಲ್ಲಿ ನನಗೆ ಬೇಡ ಎನ್ನುವ ಹಕ್ಕು ಯಾರಿಗಿದೆ, ಆ ಹಕ್ಕು ಇಲ್ಲದವರು ಯಾರು, ಇಬ್ಬರನ್ನೂ ಮೊದಲು ಗುರುತಿಸಬೇಕು.

ಸ್ಟುಟ್‌ಗಾರ್ಟ್ ಅಕ್ಕ, ಎರಡು ಪ್ರಶ್ನೆ ಉಳಿದಿವೆ. ನಮ್ಮ ಬೆಂಗಳೂರು ಟೀಮ್ ಇನ್ನು ಮುಂದೆಯೂ ನನ್ನ ಕೈಕೆಳಗೇ ಇರುತ್ತದೆ. ಅಲ್ಲಿನವರಿಗೆ 35 ಗಂಟೆ, ಇಲ್ಲಿನವರು ರಾತ್ರಿ ಹತ್ತಕ್ಕೂ ಕಾಲ್‌ನಲ್ಲಿ. ಇದು ಹೇಗೆ? ಮತ್ತೆ, ನನ್ನ ಹುದ್ದೆಯನ್ನು ನಿರೀಕ್ಷಿಸಿದ್ದ ಹಿರಿಯರೊಬ್ಬರು ಆ ಟೀಮ್‌ನಲ್ಲೇ ಇದ್ದಾರಂತೆ.

ಸ್ಟುಟ್‌ಗಾರ್ಟ್_ಕನ್ನಡತಿ

ಎರಡನೆಯದು ಮೊದಲು. ಅವರ ಜೊತೆ ನೇರವಾಗಿ ಮಾತಾಡಿ, ಮೊದಲ ವಾರದಲ್ಲೇ, ಇಬ್ಬರೇ ಕೂತು. ಈ ಟೀಮ್‌ನಲ್ಲಿ ಏನನ್ನು ಮುಟ್ಟಬಾರದು, ಯಾಕೆ ಎಂದು ಕೇಳಿ. ಅವರು ಕೊಡುವ ಉತ್ತರ ಖಾರವಾಗಿರಬಹುದು. ಇಲ್ಲಿನವರು ಕೆಲಸದಲ್ಲಿನ ತಪ್ಪನ್ನು ಮುಖದ ಮೇಲೇ ಹೇಳುತ್ತಾರೆ, ಅದರಲ್ಲಿ ದ್ವೇಷ ಇರುವುದಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳದೆ ಬರೆದುಕೊಳ್ಳಿ. ಹೊಗಳಿ ಸಮಾಧಾನ ಮಾಡಲು ಹೋಗಬೇಡಿ, ಇಲ್ಲಿ ಅದು ನಡೆಯುವುದಿಲ್ಲ.

ಮೊದಲನೆಯದು ಕಷ್ಟದ ಪ್ರಶ್ನೆ, ಆದರೆ ಇದನ್ನು ಬದಲಿಸಲು ನಿಮಗಿಂತ ಒಳ್ಳೆಯ ಜಾಗದಲ್ಲಿ ಇನ್ನೊಬ್ಬರಿಲ್ಲ. ಸಮಯದ ವ್ಯತ್ಯಾಸ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ. ಸ್ಟುಟ್‌ಗಾರ್ಟ್‌ನ ಬೆಳಗ್ಗೆ ಎಂಟೂವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನ. ಎರಡೂ ಊರಿಗೆ ಸೇರಿದ ಮೀಟಿಂಗ್‌ಗಳನ್ನೆಲ್ಲ ಇಲ್ಲಿನ ಬೆಳಗ್ಗೆಗೆ ತನ್ನಿ. ನಮ್ಮ ಟೀಮ್‌ನಲ್ಲಿ ಹಾಗೇ ಮಾಡಿದ್ದೇವೆ, ಬೆಂಗಳೂರಿನವರು ಸಂಜೆ ಮನೆಗೆ ಹೋಗುತ್ತಾರೆ. ಇಲ್ಲಿನವರಿಗೂ ಆಕ್ಷೇಪವಿಲ್ಲ, ಅವರು ಬೇಗ ಬಂದು ಬೇಗ ಹೋಗುವವರೇ. ರಾತ್ರಿ ಕಾಲ್ ಇಟ್ಟಿದ್ದು ಅಭ್ಯಾಸದಿಂದ, ಯಾರೂ ಯಾಕೆ ಎಂದು ಕೇಳಿರಲಿಲ್ಲ.

ಇನ್ನೊಂದು. ಮಂಡಳಿಯವರು ಪ್ರತಿ ಮೂರು ತಿಂಗಳಿಗೆ ಒಮ್ಮೆ ಎಲ್ಲ ನೌಕರರ ಸಭೆ ಕರೆಯಬೇಕು, ಅದೂ ಕೆಲಸದ ವೇಳೆಯಲ್ಲೇ. ಮುಂದಿನದು ಯಾವಾಗ ಎಂದು ವಿಚಾರಿಸಿ ಹೋಗಿ ಕೂರಿ. ಜರ್ಮನ್ ಪೂರ್ತಿ ಅರ್ಥವಾಗದಿದ್ದರೆ ಪಕ್ಕದಲ್ಲಿ ಕೂತವರನ್ನು ಕೇಳಿ, ಹೇಳುತ್ತಾರೆ. ಮತ್ತೆ, ನಿಮ್ಮ ಆಫೀಸಿನಲ್ಲಿ ಕಂಪನಿಗೂ ಮಂಡಳಿಗೂ ಆಗಿರುವ ಲಿಖಿತ ಒಪ್ಪಂದಗಳ ಪ್ರತಿಯನ್ನು ಹೊರಡುವ ಮೊದಲೇ ತರಿಸಿಕೊಳ್ಳಿ. ಎಚ್‌ಆರ್‌ಗೆ ಒಂದು ಮೇಲ್ ಹಾಕಿದರೆ ಸಾಕು.

ಬನಶಂಕರಿ_ಸೆಕೆಂಡ್‌ಸ್ಟೇಜ್

ಮೇಲ್ ಈಗಷ್ಟೇ ಕಳಿಸಿದೆ. ಬೆಂಗಳೂರು ಟೀಮ್‌ನವರನ್ನು ನಾಳೆ ಕೂರಿಸಿಕೊಂಡು ಕಾಲ್ ಸಮಯದ ವಿಷಯ ಕೇಳುತ್ತೇನೆ. ಅವರು ಏನೆನ್ನುತ್ತಾರೋ ಇಲ್ಲೇ ಬಂದು ಬರೆಯುತ್ತೇನೆ.